ಅಸಲು ಮುಟ್ಟಬಾರದು

ನಾರ್ವೆ ದೇಶವನ್ನು ನಾನು ಕಣ್ಣಾರೆ ಕಂಡಿಲ್ಲ. ಕಾಣದೆಯೇ ಇಪ್ಪತ್ತು ವರ್ಷ ಅದರ ಬಗ್ಗೆ ಪಾಠ ಮಾಡಿದ್ದೇನೆ, ಮೊದಲು ನರಸಿಂಹರಾಜಪುರದಲ್ಲಿ, ಆಮೇಲೆ ಕೊಪ್ಪದಲ್ಲಿ. ಅರ್ಥಶಾಸ್ತ್ರದ ಪಠ್ಯದಲ್ಲಿ ಅದಕ್ಕೆ ಎರಡು ಸಾಲೂ ಇರಲಿಲ್ಲ. ನಾನೇ ಹಟ ಹಿಡಿದು ಪ್ರತಿ ವರ್ಷ ಒಂದು ಪೂರ್ತಿ ಪೀರಿಯಡ್ ಅದಕ್ಕೆ ಕೊಡುತ್ತಿದ್ದೆ. ಹಿಂದಿನ ಬೆಂಚಿನಲ್ಲಿ ಯಾರಾದರೂ ಆಕಳಿಸಿದರೆ ನನಗೆ ಸಿಟ್ಟು ನೆತ್ತಿಗೇರುತ್ತಿತ್ತು.

ಕಚ್ಚಾ ಎಣ್ಣೆ ಸಿಕ್ಕು ಹಾಳಾದ ದೇಶಗಳು ಬೇಕಾದಷ್ಟಿವೆ, ಇವರು ಹಾಳಾಗಲಿಲ್ಲ ಎಂದು ಶುರುಮಾಡುತ್ತಿದ್ದೆ. ಸಮುದ್ರದಡಿಯ ಎಣ್ಣೆ ಯಾವ ಸಾಹುಕಾರನದ್ದೂ ಅಲ್ಲ, ಎಲ್ಲ ಪ್ರಜೆಗಳದ್ದು ಎಂದರು. ಕಂಪನಿಗಳ ಲಾಭಕ್ಕೆ ಭಾರಿ ತೆರಿಗೆ ಹಾಕಿದರು. ಬಂದ ಹಣವನ್ನು ಮನೆಯೊಳಗೇ ಸುರಿದರೆ ಬೆಲೆ ಏರುತ್ತದೆ, ಮೀನುಗಾರ, ಬಡಗಿ, ಕಾರ್ಖಾನೆಯವ ಎಲ್ಲರ ಕಸುಬೂ ಕೆಡುತ್ತದೆ ಎಂದು ಒಂದು ನಿಧಿ ಮಾಡಿ ಹೊರದೇಶಗಳಲ್ಲಿ ಹೂಡಿದರು. ಆ ನಿಧಿ ಎಷ್ಟು ಗಳಿಸಬಹುದೋ ಹೆಚ್ಚುಕಡಿಮೆ ಅಷ್ಟನ್ನು ಮಾತ್ರ ಸರ್ಕಾರ ಖರ್ಚಿಗೆ ತೆಗೆಯುತ್ತದೆ. ಅಸಲು ಇನ್ನೂ ಹುಟ್ಟದವರ ಪಾಲು. ಈ ಕೊನೆಯ ವಾಕ್ಯವನ್ನು ಬೋರ್ಡಿನ ಮೇಲೆ ಬರೆದು ಕೆಳಗೆ ಎರಡು ಗೆರೆ ಎಳೆಯುತ್ತಿದ್ದೆ.

ನಿವೃತ್ತನಾಗಿ ಊರಿಗೆ ಬಂದ ಎರಡನೇ ವರ್ಷ ನಮಗೂ ಒಂದು ಎಣ್ಣೆಬಾವಿ ಸಿಕ್ಕಿತು. ಜಯಪುರದಿಂದ ಒಳಗೆ ನಮ್ಮದು ಹನ್ನೊಂದು ಮನೆಗಳ ಊರು. ಎಲ್ಲರಿಗೂ ಸೇರಿ ಜಂಟಿ ಪಹಣಿಯಲ್ಲಿ ಒಂದು ಗುಡ್ಡವಿದೆ. ಅದರ ಮೇಲೆ ದೊಡ್ಡ ವಿದ್ಯುತ್ ಲೈನ್ ಹಾದುಹೋಯಿತು. ಅಜ್ಜಂದಿರ ಕಾಲದ ಹಲಸು, ಧೂಪ, ಹೊನ್ನೆ ಎಲ್ಲ ಉರುಳಿದವು. ಪರಿಹಾರದ ಹಣ ಹನ್ನೊಂದು ಮನೆಗಳ ಹೆಸರಿನ ಒಂದೇ ಖಾತೆಗೆ ಬಂದು ಬಿತ್ತು.

ಹಂಚಿಕೊಳ್ಳೋಣ ಎಂಬ ಮಾತು ಸಹಜವಾಗಿ ಬಂತು. ನಾನು ನಮ್ಮ ಮನೆಯ ಜಗುಲಿಯಲ್ಲಿ ಎಲ್ಲರನ್ನೂ ಕೂರಿಸಿ ಆ ಹಳೆಯ ಪೀರಿಯಡ್ಡನ್ನು ಮತ್ತೊಮ್ಮೆ ತೆಗೆದುಕೊಂಡೆ. ಬ್ಯಾಂಕಿನಲ್ಲಿಟ್ಟು ಬಡ್ಡಿಯಲ್ಲಿ ಊರಿನ ಕೆಲಸ ಮಾಡೋಣ, ಮರ ಕಡಿದಿದ್ದು ನಮ್ಮ ಕಾಲದಲ್ಲಿ, ಮೊಮ್ಮಕ್ಕಳಿಗೆ ಮರವೂ ಇಲ್ಲ ದುಡ್ಡೂ ಇಲ್ಲ ಅನ್ನುವ ಹಾಗಾಗಬಾರದು ಎಂದೆ. ಒಬ್ಬರೂ ಎದುರಾಡಲಿಲ್ಲ. ನಡಾವಳಿ ಪುಸ್ತಕದಲ್ಲಿ ನನ್ನ ಕೈಯಾರೆ ಬರೆದೆ: ಅಸಲು ಮುಟ್ಟಬಾರದು. ಅಂದಿನಿಂದ ಆ ಖಾತೆಗೆ ಊರಿನಲ್ಲಿ ನಾರ್ವೆ ಎಂದೇ ಹೆಸರಾಯಿತು. "ಎಂತ ಸಾರ್, ನಾರ್ವೆಗೆ ಬಡ್ಡಿ ಬಂತಾ?" ಎಂದು ದಾರಿಯಲ್ಲಿ ಸಿಕ್ಕವರು ಛೇಡಿಸುತ್ತಿದ್ದರು. ನಾನು ಒಳಗೊಳಗೇ ಉಬ್ಬುತ್ತಿದ್ದೆ.

ಬಡ್ಡಿಯಲ್ಲಿ ಎರಡು ಸೋಲಾರ್ ದೀಪ ಬಂದವು, ಚರಂಡಿಯಾಯಿತು, ಬಸ್ಸು ಕಾಯುವಲ್ಲಿ ಒಂದು ಬೆಂಚು ಬಂತು. ಬಾರದೆ ಉಳಿದಿದ್ದು ಹಳ್ಳದ ಸೇತುವೆ. ಹನ್ನೊಂದರಲ್ಲಿ ಎರಡು ಮನೆ ಹಳ್ಳದಾಚೆಗಿವೆ. ಮೇ ಕೊನೆಗೆ ಮನೆಗೊಬ್ಬರಂತೆ ಸೇರಿ ಅಡಿಕೆ ಮರ ಸೀಳಿ ಹಾಸಿ, ಬಿದಿರಿನ ಕೈಹಿಡಿ ಕಟ್ಟಿ ಕಾಲುಸಂಕ ಮಾಡುವುದು ನಮ್ಮಲ್ಲಿ ಮೊದಲಿನಿಂದ ಬಂದ ಕ್ರಮ. ಮುಂದಿನ ಬೇಸಗೆಗೆ ಅದು ಕೊಳೆತು ಲಡ್ಡಾಗಿರುತ್ತದೆ, ಮತ್ತೆ ಕಟ್ಟುತ್ತೇವೆ. ಸಿಮೆಂಟಿನ ಸೇತುವೆಗೆಂದು ಪಂಚಾಯಿತಿಗೆ ಕೊಟ್ಟ ಅರ್ಜಿ ಸರದಿಯಲ್ಲಿತ್ತು. ನಮ್ಮ ಬಡ್ಡಿಗೆ ಸೇತುವೆ ನಿಲುಕುವಂತಿರಲಿಲ್ಲ. ಅಸಲಿಗೆ ನಿಲುಕುತ್ತಿತ್ತು.

ಆಚೆ ಮನೆಯ ಹಿರಿಯರು ಒಮ್ಮೆ ಸಭೆಯಲ್ಲಿ ಅದನ್ನೇ ಕೇಳಿದರು. "ಅಲ್ಲ ಮಾರಾಯ್ರೆ, ಆ ದೇಶದಲ್ಲಿ ಹಳ್ಳ ದಾಟೋರು ಯಾರೂ ಇಲ್ವಾ? ಸ್ವಲ್ಪ ಅಸಲು ತೆಗೆದ್ರೆ ಆಗಿ ಹೋತದೆ. ನಮ್ಮ ಸೊಸೆ ದಿನಾ ಓಡಾಡ್ಬೇಕು."

ಸೊಸೆ ಎಂದರೆ ಕೊಪ್ಪದಲ್ಲಿ ನನ್ನ ವಿದ್ಯಾರ್ಥಿನಿಯಾಗಿದ್ದವಳು. ಜಯಪುರದಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಳು. ಅವಳೂ ಅಂದು ಕಂಬಕ್ಕೆ ಒರಗಿ ನಿಂತಿದ್ದಳು. ನಾನು, "ಒಂದು ಸಲ ಡಬ್ಬಿಗೆ ಕೈ ಹಾಕಿದರೆ ಆ ಕೈ ನಿಲ್ಲುವುದಿಲ್ಲ. ಸರದಿ ಬರುತ್ತದೆ, ಇನ್ನೊಂದು ಮಳೆಗಾಲ ತಡೆದುಕೊಳ್ಳಿ" ಎಂದೆ. ಎಲ್ಲರೂ ತಲೆಯಾಡಿಸಿದರು. ನನ್ನ ಮನೆ ರಸ್ತೆ ಬದಿಗಿದೆ. ತಡೆದುಕೊಳ್ಳಲು ನನಗೇನೂ ಇರಲಿಲ್ಲ.

ಹಿರಿಯರ ಪ್ರಶ್ನೆಗೆ ಉತ್ತರ ನನಗೆ ಗೊತ್ತಿತ್ತು. ಇದನ್ನು ಬರೆಯಲು ಈಗಲೂ ಕೈ ತಡೆಯುತ್ತದೆ. ನಾರ್ವೆಗೆ ಎಣ್ಣೆ ಸಿಕ್ಕಿದ್ದಕ್ಕೂ ಆ ನಿಧಿಗೆ ಮೊದಲ ಕಂತು ಬಿದ್ದಿದ್ದಕ್ಕೂ ನಡುವೆ ಇಪ್ಪತ್ತು ವರ್ಷಕ್ಕೂ ಮೇಲೆ ಅಂತರವಿದೆ. ಆ ವರ್ಷಗಳಲ್ಲಿ ಅವರು ಬಂದಿದ್ದನ್ನು ರಸ್ತೆಗೆ, ಶಾಲೆಗೆ, ಆಸ್ಪತ್ರೆಗೆ, ಮುದುಕರ ಪಿಂಚಣಿಗೆ ಖರ್ಚು ಮಾಡಿದ್ದರು. ದಾಟುವುದಕ್ಕೆ ದಾರಿ ಮಾಡಿಕೊಂಡೇ ಪೆಟ್ಟಿಗೆಗೆ ಬೀಗ ಹಾಕಿದ್ದು. ಕೊರೊನಾ ಬಂದ ವರ್ಷ ನಿಯಮವನ್ನು ಬದಿಗಿಟ್ಟು ಹೆಚ್ಚು ಹಣ ತೆಗೆದರು. ಇದೆಲ್ಲ ಓದಿಯೂ ನಾನು ಕ್ಲಾಸಿನಲ್ಲಾಗಲಿ ಜಗುಲಿಯಲ್ಲಾಗಲಿ ಹೇಳಲಿಲ್ಲ. ಹೇಳಿದರೆ ಪಾಠದ ಚಂದ ಕೆಡುತ್ತಿತ್ತು.

ಆ ಮಳೆಗಾಲದ ಜುಲೈನಲ್ಲಿ ಆಚೆ ಮನೆಯ ಸೊಸೆಗೆ ಏಳು ತಿಂಗಳು. ಬೆಳಗ್ಗೆ ಎಂಟರ ಹೊತ್ತಿಗೆ ತಪಾಸಣೆಗೆಂದು ಗಂಡನ ಜೊತೆ ಕೊಪ್ಪಕ್ಕೆ ಹೊರಟಿದ್ದಳು. ಗಂಡ ಚೀಲ ಹಿಡಿದು ಮುಂದೆ ಸಂಕ ದಾಟಿ ಈಚೆ ದಡದಲ್ಲಿ ಕೈಚಾಚಿ ನಿಂತಿದ್ದ. ಇನ್ನು ನಾಲ್ಕು ಹೆಜ್ಜೆಯಿದ್ದಾಗ ಅವಳು ಹಿಡಿದಿದ್ದ ಬಿದಿರು ಕಟ್ಟು ಬಿಚ್ಚಿ ಜಾರಿತು. ದಡದ ಹತ್ತಿರವಾಗಿದ್ದರಿಂದ ನೀರುಪಾಲಾಗಲಿಲ್ಲ, ಬಂಡೆಯ ಮೇಲೆ ಬಿದ್ದಳು. ನಮ್ಮ ಮನೆಯ ಮುಂದೆಯೇ ಜೀಪು ಹತ್ತಿಸಿದರು. ಹಿಂದಿನ ಸೀಟಿನಲ್ಲಿ ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡಿದ್ದಳು. ನಾನು ಗೇಟಿನ ಹತ್ತಿರ ಕೊಡೆಯಿಲ್ಲದೆ ನಿಂತಿದ್ದೆ. ಕೊಪ್ಪದಿಂದ ಶಿವಮೊಗ್ಗಕ್ಕೆ ಕಳಿಸಿದರು. ಅವಳು ಉಳಿದಳು, ಮಗು ಉಳಿಯಲಿಲ್ಲ. ಹೆಣ್ಣುಮಗುವಂತೆ.

ಹದಿನೈದು ದಿನ ನಾನು ಆ ಕಡೆ ಹೋಗಲಿಲ್ಲ. ನನ್ನ ಹೆಂಡತಿಯೇ ಸಂಕ ದಾಟಿ ಹೋಗಿ ಬಂದಳು. ಬಂದವಳು ಒದ್ದೆ ಕೊಡೆಯನ್ನು ಜಗುಲಿಯಲ್ಲಿ ಬಿಚ್ಚಿಟ್ಟು ನೇರ ಒಳಗೆ ಹೋದಳು. ಅವಳು ಬೈದಿದ್ದರೆ ವಾಸಿಯಿತ್ತು. ಆಮೇಲೆ ನಾನೇ ಸಭೆ ಕರೆದೆ, ನಾನೇ ಅಸಲು ತೆಗೆಯುವ ಠರಾವು ಬರೆದೆ. ಹನ್ನೊಂದು ಸಹಿ ಬೀಳಲು ಐದು ನಿಮಿಷವೂ ಬೇಕಾಗಲಿಲ್ಲ. ಏಪ್ರಿಲ್ ಹೊತ್ತಿಗೆ ಸೇತುವೆ ಎದ್ದು ನಿಂತಿತು. ಖರ್ಚು ಕಳೆದು ಖಾತೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹಣ ಹಾಗೇ ಉಳಿದಿದೆ. ಅದನ್ನು ಕಂಡಾಗ ನನಗೆ ಇನ್ನಷ್ಟು ಸಂಕಟವಾಯಿತು.

ಆಚೆ ಮನೆಯ ಸೊಸೆ ನನಗೆ ಸಿಕ್ಕಿದ್ದು ಮೇ ತಿಂಗಳಲ್ಲಿ. ಸೇತುವೆಯ ಈಚೆ ತುದಿಯಲ್ಲಿ ನಾನು ಸುಮ್ಮನೆ ನಿಂತಿದ್ದೆ. ಅವಳು ಅಂಗಡಿ ಮುಚ್ಚಿ ಬಟ್ಟೆಯ ಗಂಟು ಹಿಡಿದು ಬರುತ್ತಿದ್ದಳು. ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ನನ್ನ ತಪ್ಪು ಎಂದೆ. ಅಷ್ಟೇ ಹೇಳಲಾದದ್ದು. ಎಷ್ಟೋ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದ ನಾನು ಅವಳ ಮುಂದೆ ತಲೆ ತಗ್ಗಿಸಿ ನಿಂತೆ.

"ಹಂಗೆಲ್ಲ ಬೇಜಾರ್ ಮಾಡ್ಕಾಬೇಡಿ ಸಾರ್" ಎಂದಳು. ದನಿಯಲ್ಲಿ ಸಿಟ್ಟು ಇರಲಿಲ್ಲ, ಹುಡುಕಿದೆ, ಇರಲಿಲ್ಲ. "ನೀವು ನಮ್ಗೆ ಕೆಟ್ಟದ್ದು ಬಯಸ್ತೀರಾ? ಊರಲ್ಲಿ ಎಲ್ರೂ ನಿಮ್ಮ ಮಾತು ನಂಬ್ತಾರೆ. ಮಾವ ಕೇಳಿದ ದಿನ ನೀವು ಕಟ್ಟಣ ಅಂತ ಒಂದೇ ಒಂದು ಮಾತು ಅಂದಿದ್ರೆ, ಯಾರೂ ಬ್ಯಾಡ ಅಂತಿರ್ಲಿಲ್ಲ."

ಅವಳು ನನಗೆ ಸಮಾಧಾನ ಹೇಳುತ್ತಿದ್ದಳು. ಅದು ನನ್ನ ಮೇಲಿನ ಗೌರವದ ಮಾತಾಗಿತ್ತು. ಗಂಟನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು, ಕಬ್ಬಿಣದ ಕೈಹಿಡಿಯನ್ನು ಮುಟ್ಟದೆ, ಸೇತುವೆಯ ನಟ್ಟನಡುವೆ ನಡೆದು ಮನೆಗೆ ಹೋದಳು.