ನಡುಗೆರೆ ಮುಟ್ಟಿದ ಕೈ

ನಾನು ಗೊಳಸಂಗಿಯವನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮಸೂತಿಯವರ ಕಬಡ್ಡಿಯ ಬಗ್ಗೆ ಗೊಳಸಂಗಿಯವನು ಏನು ಹೇಳಿದರೂ ಅದರಲ್ಲಿ ಹಿಡಿಯಷ್ಟು ಹೊಟ್ಟೆಕಿಚ್ಚು ಇದ್ದೇ ಇರುತ್ತದೆ. ಅಷ್ಟನ್ನು ಕಳೆದು ಉಳಿದದ್ದನ್ನು ನಂಬಿ.

ಬೀರಣ್ಣ ನಮ್ಮೂರಿನವನೂ ಅಲ್ಲ, ಮಸೂತಿಯವನೂ ಅಲ್ಲ. ಸಿಂದಗಿ ತಾಲೂಕಿನ ಕನ್ನೊಳ್ಳಿಯಲ್ಲಿ ಕುರಿ ಕಾಯುವ ಮನೆತನದವನು. ಈ ಬದುವಿನಿಂದ ಆ ಬದುವಿಗೆ ಕೂಗಿ ಕೂಗಿ ಅವನ ಉಸಿರು ಎಷ್ಟು ಉದ್ದವಾಗಿತ್ತೆಂದರೆ, ಅವನು ‘ಕಬಡ್ಡಿ ಕಬಡ್ಡಿ’ ಎನ್ನುತ್ತ ಒಳಗೆ ಬಂದಾಗ ಎದುರಿನವರು ಎಲೆಗೆ ಸುಣ್ಣ ಹಚ್ಚಿ, ಮಡಿಚಿ, ಬಾಯಿಗೆ ಹಾಕಿಕೊಂಡು ಆಮೇಲೆ ಹಿಡಿಯಲು ಹೋಗಬಹುದು ಎಂದು ನಗೆಯಾಡುತ್ತಿದ್ದರು. ಮಾತು ಕಡಿಮೆ. ನಾಚಿಕೆಯ ಸ್ವಭಾವ. ಹೊಗಳಿದರೆ ಕಂಬಳಿಯ ಅಂಚನ್ನು ಕಚ್ಚುತ್ತಿದ್ದ. ಅವನಿಗೆ ಮಸೂತಿಯ ಸಿದ್ದರಾಯ ತನ್ನ ಮಗಳು ಶೇವಂತೆವ್ವನನ್ನು ಕೊಟ್ಟ. ಎಪ್ಪತ್ನಾಲ್ಕರ ನಾಗಪಂಚಮಿಗೆ ಶೇವಂತೆವ್ವ ತವರಿಗೆ ಬಂದಳು. ಹಬ್ಬದ ಮರುದಿನ ಅವಳನ್ನು ಕರೆದೊಯ್ಯಲು ಹೊಸ ಅಳಿಯ ಬಂದ. ಅವತ್ತೇ ಮಸೂತಿಯ ಊರಬಾಗಿಲು ಅಗಸಿಯ ಮುಂದಿನ ಬಯಲಲ್ಲಿ ಮಸೂತಿಗೂ ನಮ್ಮೂರಿಗೂ ಕಬಡ್ಡಿ ಇತ್ತು.

ಅಳಿಯನನ್ನು ಅಂಗಿ ಬಿಚ್ಚಿಸಿ ಅಂಕಣಕ್ಕೆ ಇಳಿಸಿದರು. ನಾವು ಬಿಡುತ್ತೇವೆಯೇ? ಕನ್ನೊಳ್ಳಿಯವನು ಮಸೂತಿಯ ಪರ ಹೇಗೆ ಆಡುತ್ತಾನೆ ಎಂದು ಗದ್ದಲ ಎಬ್ಬಿಸಿದೆವು. ಅಲ್ಲಿ ತೀರ್ಪು ಕೊಡುವ ಪಂಚರು ಬಸಂತರಾಯ ಗೌಡರು. ಅವರು ಮೀಸೆ ತಿರುವಿ ಹೇಳಿದರು, “ಮುಂಜಾನಿ ಯಾವ ಊರಾಗ ಹೋಳಿಗಿ ಉಂಡಾನೋ ಅವ ಇವತ್ತ ಆ ಊರಾಂವ. ನಡೀರಿ, ಆಟ ಸುರು ಮಾಡ್ರಿ.” ಇಂಥ ನ್ಯಾಯ ಯಾವ ಕೋರ್ಟಿನಲ್ಲೂ ಸಿಗಲಿಕ್ಕಿಲ್ಲ. ಆದರೆ ಪಂಚರ ಮಾತು ಪಂಚರ ಮಾತು. ಸುಮ್ಮನಾದೆವು.

ನಮ್ಮ ಕಡೆ ಕಾಸಿಂಸಾಬ ಇದ್ದ. ಹತ್ತಿ ಹಿಂಜಿ ಗಾದಿ ಹೊಲಿಯುವವನು. ಊರೂರು ತಿರುಗಿ ದಿನವಿಡೀ ಹಿಂಜುವ ಬಿಲ್ಲು ಮೀಟಿದ ಕೈ. ಆ ಕೈ ಒಬ್ಬನ ಟೊಂಕಕ್ಕೆ ಬಿದ್ದಿತೆಂದರೆ ಅವನ ಆಟ ಮುಗಿದಂತೆ. ನಮ್ಮ ತಾಲೂಕಿನಲ್ಲಿ ಅವನಿಂದ ಬಿಡಿಸಿಕೊಂಡವನು ಯಾರೂ ಇರಲಿಲ್ಲ. ಅವನ ಹತ್ತಿರ ಹೇಳಿಕೊಳ್ಳಲು ಇದ್ದದ್ದೂ ಅದೊಂದೇ ಹೆಸರು.

ಆಟ ಎಲ್ಲರಿಗೂ ಗೊತ್ತು. ಆದರೂ ಜಗಳ ಹುಟ್ಟುವ ಜಾಗವನ್ನು ತೋರಿಸಬೇಕು. ಒಳಗೆ ಬಂದವನನ್ನು ಹಿಡಿದರೂ ಅವನ ದಮ್ಮು ಇರುವ ತನಕ ಅವನು ಜೀವಂತ. ಜಗ್ಗಾಡಿ, ಎಳೆದಾಡಿ, ಕೈ ಚಾಚಿ ನಡುಗೆರೆ ಮುಟ್ಟಿದರೆ ಹಿಡಿದವನೇ ಔಟ್. ಮುಟ್ಟುವುದಕ್ಕೆ ಮೊದಲು ದಮ್ಮು ಕಡಿದರೆ ಬಂದವನು ಔಟ್. ದಮ್ಮು ಮೊದಲು ಕಡಿಯಿತೋ, ಕೈ ಮೊದಲು ಮುಟ್ಟಿತೋ ಎಂಬ ಕೂದಲೆಳೆಯ ಮೇಲೆ ನಮ್ಮ ಕಡೆ ತಲೆ ಒಡೆದುಕೊಂಡವರಿದ್ದಾರೆ. ಪಂಚರ ತೀರ್ಪನ್ನೂ ಜನ ಒಪ್ಪದಿದ್ದಾಗ ಒಂದು ಪದ್ಧತಿ ಇತ್ತು. ಆಟಗಾರನೇ ಅಂಕಣದ ಮಣ್ಣು ಮುಟ್ಟಿ ಹೇಳಬೇಕು. ಉಸಿರು ಅವನದು, ಗೊತ್ತಿರುವುದು ಅವನಿಗೇ. ಮಣ್ಣು ಮುಟ್ಟಿ ಸುಳ್ಳು ಹೇಳಿದವನ ಕಥೆಯನ್ನು ನಾನಂತೂ ಕೇಳಿಲ್ಲ. ಇನ್ನೊಂದು ಮರ್ಯಾದೆಯೂ ಇತ್ತು. ಹಿಡಿತಕ್ಕೆ ಸಿಕ್ಕವನ ದಮ್ಮು ಕಡಿಯಿತೆಂದು ತಿಳಿದ ಕೂಡಲೇ ಹಿಡಿದವನು ಕೈ ಬಿಡಬೇಕು. ಬಿದ್ದವನಿಗೆ ಇನ್ನೊಂದು ಗುದ್ದು ಹಾಕಬಾರದು.

ಕೊನೆಗೆ ಎರಡೂ ಕಡೆ ಸಮ ಆಯಿತು. ಕೊನೆಯ ಸರದಿ ಬೀರಣ್ಣನದು. ಒಳಗೆ ಬಂದ, ಒಬ್ಬನನ್ನು ಮುಟ್ಟಿದ, ತಿರುಗಿದ. ಕಾಸಿಂ ಹಿಂದಿನಿಂದ ಬಂದು ಟೊಂಕ ಹಿಡಿದ. ಬೀರಣ್ಣ ಅವನನ್ನು ಎಳೆದುಕೊಂಡೇ ನಡುಗೆರೆಯ ಕಡೆ ಹೊರಟ. ಕೆಸರು, ಕೂಗು, ಹಲಗೆ ಬಾರಿಸುವ ಸದ್ದು. ಗೆರೆ ಗೇಣು ದೂರ ಉಳಿದಾಗ ಅವನ ಉಸಿರು ನಿಂತಿತು. ಟೊಂಕ ಹಿಡಿದು ಅವನ ಬೆನ್ನಿಗೆ ಎದೆ ಒತ್ತಿದ್ದ ಕಾಸಿಂಗೆ ಅದು ತಿಳಿಯಿತು. ಆಟದ ಮರ್ಯಾದೆಯಂತೆ ಕೈ ಬಿಟ್ಟ. ಬಿಟ್ಟ ರಭಸಕ್ಕೆ ಬೀರಣ್ಣ ಮುಂದಕ್ಕೆ ಬಿದ್ದ. ಅವನ ಕೈ ನಡುಗೆರೆಯ ಮೇಲೆ ಬಿತ್ತು. ರೂಢಿಬಲದಿಂದ ಬಾಯಿ ಇನ್ನೊಮ್ಮೆ ‘ಕಬಡ್ಡಿ’ ಅಂದಿತು.

ಆಚೆ ಬದಿಯಲ್ಲಿದ್ದ ಬಸಂತರಾಯರಿಗೆ ಕಂಡದ್ದು ಕೈ ಮಾತ್ರ. “ಮುಟ್ಯಾನ! ಹಿಡದಾಂವ ಔಟ್!” ಎಂದು ಸೀಟಿ ಊದಿದರು.

ನಮ್ಮವರು ಅಂಕಣಕ್ಕೆ ನುಗ್ಗಿದರು. “ದಮ್ಮು ಕಡದಿತ್ತು!” “ಇಲ್ಲ, ಇತ್ತು!” ಒಬ್ಬನ ಅಂಗಿ ಹರಿಯಿತು. ಇನ್ನೊಬ್ಬನ ಟೋಪಿ ಕೆಸರಿಗೆ ಬಿತ್ತು. ಕಡೆಗೆ ಗೊಳಸಂಗಿಯವರೆಲ್ಲ ಒಂದೇ ದನಿಯಲ್ಲಿ ಕೂಗಿದರು, “ಮಣ್ಣ ಮುಟ್ಟಿ ಹೇಳ್ಲಿ!”

ಗದ್ದಲ ನಿಂತಿತು. ಬೀರಣ್ಣ ಬಗ್ಗಿ ಮಣ್ಣಿನ ಮೇಲೆ ಕೈ ಇಟ್ಟ. ತಲೆ ಎತ್ತಿದರೆ ಎದುರಿಗೆ ಮಾವ ಸಿದ್ದರಾಯ, ಹೊಸ ರುಮಾಲು ಸುತ್ತಿಕೊಂಡು, ಅಳಿಯ ಗೆದ್ದೇ ಬಿಟ್ಟನೆಂದು ಹಲ್ಲು ಕಿರಿಯುತ್ತಿದ್ದ. ಕಟ್ಟೆಯ ಮೇಲೆ ಹೆಂಗಸರ ನಡುವೆ ಶೇವಂತೆವ್ವ. ಬೀರಣ್ಣನ ಬಾಯಿ ತೆರೆಯಿತು, ಮಾತು ಹೊರಡಲಿಲ್ಲ. ನಿಜ ಹೇಳಿದರೆ ಮಾವನ ಮುಖ ಬೀಳುತ್ತದೆ. ಸುಳ್ಳು ಹೇಳಿದರೆ ಕೈಕೆಳಗೆ ಮಣ್ಣಿದೆ.

ಆಗ ಕಾಸಿಂಸಾಬ ಮುಂದೆ ಬಂದ.

“ಬ್ಯಾಡ ಬಿಡ್ರಿ. ಹೊಸಾ ಅಳಿಯಾಗ ಆಣಿ ಹಾಕಸಬ್ಯಾಡ್ರಿ. ನನ್ನ ಕೈ ಸಡಲಾತು, ಅವ ಬಿಡಿಸ್ಕೊಂಡ.”

ಅಷ್ಟೇ. ಹಿಡಿದವನೇ ಒಪ್ಪಿಕೊಂಡ ಮೇಲೆ ಉಳಿದವರದೇನು? ನಾವು ತಲೆ ತಗ್ಗಿಸಿ ಊರಿಗೆ ಹೊರಟೆವು. ಮಸೂತಿಯವರು ಬೀರಣ್ಣನನ್ನು ಹೆಗಲ ಮೇಲೆ ಹೊತ್ತು ಕುಣಿದರು, ಕೈಗೆ ಬೆಳ್ಳಿ ಕಡಗ ತೊಡಿಸಿದರು. ಅವನು ಮಣ್ಣು ಮುಟ್ಟಿದ್ದು ನಿಜ, ಸುಳ್ಳು ಹೇಳಲಿಲ್ಲ. ನಿಜವನ್ನೂ ಹೇಳಲಿಲ್ಲ.

ಸಂಜೆ ಬಚ್ಚಲಲ್ಲಿ ಶೇವಂತೆವ್ವ ಗಂಡನ ಬೆನ್ನಿಗೆ ಎಣ್ಣೆ ತಿಕ್ಕಲು ಕೂತಳು. ಟೊಂಕದ ಎರಡೂ ಕಡೆ ಬೆರಳು ಬೆರಳಾಗಿ ಕಪ್ಪು ಬಾಸುಂಡೆ ಎದ್ದಿದ್ದವು. ಅವಳ ಕೈ ಅಲ್ಲಿಯೇ ನಿಂತಿತು.

“ಸಡಲಾದ ಕೈ ಹಿಂಗ ಬೆರಳ ಮೂಡಸ್ತೈತೇನ್ರಿ?”

ಬೀರಣ್ಣ ಬಾಸುಂಡೆ ಮುಚ್ಚುವಂತೆ ಧೋತರ ಮೇಲೆಳೆದುಕೊಂಡ.

“ದಮ್ಮು ಇತ್ತಿಲ್ರಿ?”

“ಪಂಚರು ಹೇಳಿದ್ರಲ್ಲ.”

“ನಾ ಪಂಚರನ್ನ ಕೇಳಲಿಲ್ಲ,” ಎಂದಳು ಶೇವಂತೆವ್ವ. ಉಳಿದ ಎಣ್ಣೆಯನ್ನು ಅವನ ಕೈಗೇ ಸುರಿದು ಎದ್ದು ಒಳಗೆ ಹೋದಳು. ಆ ಮೇಲೆ ಅವಳು ಆ ಮಾತನ್ನು ಮತ್ತೆ ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು, ಬೈಸಿಕೊಂಡು ಹಗುರಾಗುತ್ತಿದ್ದೆ ಎಂದು ಬೀರಣ್ಣ ಎಷ್ಟೋ ವರ್ಷದ ಮೇಲೆ ನನ್ನೆದುರು ಹೇಳಿದ್ದಾನೆ.

ಆಟ ಮುಗಿದರೂ ವಾದ ಮುಗಿಯಲಿಲ್ಲ. ಬಾಗೇವಾಡಿಯ ಚಹಾದಂಗಡಿಯಲ್ಲಿ ಅದು ವರ್ಷಗಟ್ಟಲೆ ಕುದಿಯಿತು. ಗೆರೆಗೆ ಬೆರಳು ತಾಗಿದರೆ ಸಾಕೋ, ಅಂಗೈ ಊರಬೇಕೋ? ಇಂಡಿಯ ಕಡೆಯವರು ಅಂಗೈ ಬೇಕೆನ್ನುತ್ತಿದ್ದರು. ಮುದ್ದೇಬಿಹಾಳದವರು ದಮ್ಮನ್ನು ಕಣ್ಣಿನಿಂದಲ್ಲ, ಕಿವಿಯಿಂದ ನೋಡಬೇಕು, ಅದಕ್ಕೆಂದೇ ಇನ್ನೊಬ್ಬ ಪಂಚ ಬೇಕು ಎನ್ನುತ್ತಿದ್ದರು. ಒಬ್ಬ ಡ್ರಿಲ್ ಮಾಸ್ತರರು ನಿಯಮದ ಪುಸ್ತಕ ತಂದು ಓದಿದರು. ಪುಸ್ತಕ ಬರೆದವನಿಗೆ ಕಬಡ್ಡಿ ಬರುವುದಿಲ್ಲ ಎಂದು ಎರಡೂ ಪಕ್ಷದವರು ಒಮ್ಮತದಿಂದ ತೀರ್ಮಾನಿಸಿದರು. ಎಲ್ಲರಿಗೂ ಎಲ್ಲ ಗೊತ್ತಿತ್ತು. ಗೊತ್ತಿದ್ದ ಇಬ್ಬರು ಮಾತ್ರ ಬಾಯಿ ಬಿಡುತ್ತಿರಲಿಲ್ಲ.

ಈ ನಡುವೆ ಕಾಸಿಂಸಾಬನಿಗೆ ಅಡ್ಡಹೆಸರು ಬಿತ್ತು: ‘ಸಡಲ ಕಾಸಿಂ’. ಇಟ್ಟವರು ಮಸೂತಿಯವರಲ್ಲ, ನಮ್ಮೂರವರೇ. ಸೋತ ಸಿಟ್ಟನ್ನು ಎಲ್ಲಾದರೂ ಇಳಿಸಬೇಕಲ್ಲ! ಅವನು ಗಾದಿ ಹೊಲಿಯಲು ಹೋದ ಮನೆಗಳಲ್ಲಿ, “ನಿನ್ನ ಕೈ ಸಡಲಂತಲ್ಲೋ ಸಾಬಾ, ಹೊಲಿಗಿ ಗಟ್ಟಿ ಬೀಳ್ತೈತಿಲ್ಲೋ?” ಎಂದು ಹೆಂಗಸರು ಕೆಣಕುತ್ತಿದ್ದರು. ಅವನು ನಕ್ಕು ಬಿಲ್ಲು ಮೀಟುತ್ತಿದ್ದ. ಆಟಕ್ಕೆ ಇಳಿಯುವುದನ್ನು ಬಿಟ್ಟ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಇವನ ಮಾನ ಹೋದದ್ದು ಇನ್ನೊಬ್ಬನ ಮಾನ ಉಳಿಸಲು.

ಬೀರಣ್ಣನಿಗೆ ಇದೆಲ್ಲ ಮುಟ್ಟುತ್ತಿತ್ತು. ಸಿಂದಗಿ ಸಂತೆಗೆ ಕುರಿ ಹೊಡೆದುಕೊಂಡು ಹೋದರೆ ಗುರುತು ಹಿಡಿದವರು ಹೋಟೆಲಿಗೆ ಎಳೆಯುತ್ತಿದ್ದರು. ಒಮ್ಮೆ ಅಲ್ಲೊಬ್ಬ ಎದ್ದು ನಿಂತು, ಕೈ ಬಳುಕಿಸಿ, ಕಾಸಿಂ ಹಿಡಿದ ಅಣಕ ಮಾಡಿ ತೋರಿಸಿದ. ಹೋಟೆಲಿನವರೆಲ್ಲ ಹೊಟ್ಟೆ ಹಿಡಿದು ನಕ್ಕರು. ಆ ಮನುಷ್ಯನೇ ಬೀರಣ್ಣನಿಗೆ ಚಹಾ ಹೇಳಿದ. ಬೀರಣ್ಣ ಕುಡಿದ. “ಕುಡದ್ನಲ್ಲ, ಅದರ ನಾಚಿಕಿ ನನ್ನ ಬಿಟ್ಟಿಲ್ಲ. ಆಣಿ ಮಾಡು ಅಂದಾಗ ದಿಗಿಲ ಆಗಿ ಬಾಯಿ ಕಟ್ಟಿತ್ತು ಅನಬಹುದು. ಚಹಾ ಕುಡ್ಯಾಗ ಏನಾಗಿತ್ತು?” ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದ. ಇನ್ನೊಮ್ಮೆ ಬಾಗೇವಾಡಿಯಲ್ಲಿ, ಹೆಗಲ ಮೇಲೆ ಬಿಲ್ಲು ಹೊತ್ತು ಎದುರಿಗೆ ಬರುತ್ತಿದ್ದ ಕಾಸಿಂಸಾಬನನ್ನು ಕಂಡು ಓಣಿಯೊಳಗೆ ತಿರುಗಿಬಿಟ್ಟ. ಕಾಸಿಂ ನೋಡಿದನೆಂದು ಅವನಿಗೆ ಗೊತ್ತು.

ಪಂಚಮಿಗೆ ಅವನು ಮಸೂತಿಗೆ ಬರುವುದನ್ನೇ ನಿಲ್ಲಿಸಿದ. ಕುರಿಗೆ ಜ್ವರ, ಕುರಿ ಈದಿದೆ, ತೋಳ ಬಂದಿದೆ. ಅವನ ಮಂದೆಗೆ ಬಂದಷ್ಟು ಕಷ್ಟ ಯಾವ ಮಂದೆಗೂ ಬಂದಿರಲಿಕ್ಕಿಲ್ಲ. ಬೆಳ್ಳಿ ಕಡಗವನ್ನು ತೊಡಲೂ ಆಗದೆ, ಮಾರಲೂ ಆಗದೆ ಜೋಳದ ಕಣಜದ ಮೇಲಿನ ಗೋಡೆಗೂಡಿನಲ್ಲಿ ಇಟ್ಟಿದ್ದ.

ಎಪ್ಪತ್ತೊಂಬತ್ತರಲ್ಲಿ ಬಸಂತರಾಯರ ಕಣ್ಣಿಗೆ ಪೊರೆ ಬಂತು. ಪಂಚರಾಗಿ ಬೀರಣ್ಣನೇ ಬರಲಿ, ದಮ್ಮಿನ ಸುದ್ದಿ ಅವನಷ್ಟು ಯಾರಿಗೆ ಗೊತ್ತು ಎಂದು ಸಿದ್ದರಾಯ ಹೇಳಿ ಕಳಿಸಿದ. ಬೀರಣ್ಣ ಮತ್ತೆ ಕುರಿಯ ಮಾತು ಎತ್ತಿದ. ಶೇವಂತೆವ್ವ ಬುತ್ತಿ ಕಟ್ಟುತ್ತಿದ್ದವಳು ತಿರುಗಿ ನೋಡಲಿಲ್ಲ. “ಇನ್ನೆಷ್ಟ ದಿನ ಕುರಿ ಹಿಂದ ಅಡಗ್ತೀರಿ? ನಡೀರಿ,” ಎಂದಳು. ಅವನು ನಡೆದ.

ಮತ್ತೆ ಅದೇ ಬಯಲು, ಮಸೂತಿ ಮತ್ತು ಗೊಳಸಂಗಿ. ಬೀರಣ್ಣನ ಕೊರಳಲ್ಲಿ ಸೀಟಿ. ಆಟದ ನಡುವೆ ಮಸೂತಿಯ ಹುಡುಗನೊಬ್ಬ ಗೆರೆಯ ಹತ್ತಿರ ಸಿಕ್ಕಿಬಿದ್ದ. ದಮ್ಮು ಇತ್ತೋ ಇಲ್ಲವೋ ಎಂದು ಎಂದಿನ ಗದ್ದಲ ಎದ್ದಿತು. “ಮಣ್ಣ ಮುಟ್ಟಲಿ!” ಎಂದರು. ಆಗ ಜನರ ನಡುವಿನಿಂದ ನಮ್ಮೂರವನೇ ಒಬ್ಬ ಕೂಗಿದ, “ಮಣ್ಣ ಯಾಕ? ಸಡಲ ಕಾಸಿಂ ಇಲ್ಲೇ ಕುಂತಾನ, ಅವನ್ನ ಕೇಳ್ರಿ!”

ಇಡೀ ಬಯಲು ನಕ್ಕಿತು. ಬದುವಿನ ಮೇಲೆ ಕೂತಿದ್ದ ಕಾಸಿಂಸಾಬನೂ ನಕ್ಕ. ಅವನ ಗಡ್ಡ ಅಲ್ಲಲ್ಲಿ ಬೆಳ್ಳಗಾಗಿತ್ತು.

ಬೀರಣ್ಣ ಸೀಟಿಯನ್ನು ಕೊರಳಿಂದ ತೆಗೆದ. ನಡುಗೆರೆಯ ಹತ್ತಿರ ಮೊಣಕಾಲೂರಿ ಮಣ್ಣಿನ ಮೇಲೆ ಕೈ ಇಟ್ಟ.

“ಆ ವರ್ಷ ನನ್ನ ದಮ್ಮು ಕಡದಿತ್ತು. ಕಾಸಿಂ ಕಾಕಾನ ಕೈ ಸಡಲಾಗಿರಲಿಲ್ಲ.”

ನಾನು ಅಲ್ಲೇ ಇದ್ದೆ. ಮೊದಲು ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಸಿದ್ದರಾಯ ಎದ್ದು ನಿಂತ. “ನೋಡ್ರಿ ನಮ್ಮ ಅಳಿಯಂದ್ರ ದೊಡ್ಡಸ್ತಿಕಿ! ಇನ್ನೊಬ್ಬನ ಮಾನಾ ಉಳಸಾಕ ತಾನ ಸೋತೆ ಅಂತಾನ!” ಎಂದ. ಜನ ಚಪ್ಪಾಳೆ ತಟ್ಟಿದರು. ಬಸಂತರಾಯರು ಕೂತಲ್ಲಿಂದಲೇ, “ಏ ಬೀರಣ್ಣಾ, ನಾ ಕೊಟ್ಟ ನ್ಯಾಯಾ ತಿರುಗಂಗಿಲ್ಲ. ಕೈ ನಾ ಕಣ್ಣಾರೆ ನೋಡೇನಿ,” ಎಂದು ಗದರಿದರು. ಬೆಳ್ಳಿ ಕಡಗದ ಜೊತೆಗೆ ಈಗ ದೊಡ್ಡ ಮನಸ್ಸಿನ ಹೆಸರೂ ಬಂತು. ಬೀರಣ್ಣನ ಮುಖ ನೋಡಲಾಗುತ್ತಿರಲಿಲ್ಲ. ಕಳ್ಳ ತಾನೇ ಕದ್ದೆನೆಂದರೂ ಊರವರು ಆರತಿ ಎತ್ತುತ್ತಿದ್ದರು.

ಅವನು ಎದ್ದು ಅಂಗಿ ಬಿಚ್ಚಿದ. ನೇರ ಕಾಸಿಂಸಾಬನ ಮುಂದೆ ಹೋಗಿ ನಿಂತ.

“ಕಾಕಾ, ಬಾ. ಅವತ್ತ ಹಿಡದಂಗ ಹಿಡಿ.”

“ಹಳೇ ಮಾತ ಬಿಡೋ ತಮ್ಮಾ.”

“ನಿನ್ನ ಕಾಲ ಹಿಡೀತೇನಿ. ಹಿಡಿ.”

ಕಾಸಿಂಸಾಬ ಎದ್ದ. ಟೋಪಿ ತೆಗೆದು ಪಕ್ಕದವನ ಕೈಗೆ ಕೊಟ್ಟು ಅಂಕಣಕ್ಕೆ ಬಂದ.

ಬೀರಣ್ಣ ‘ಕಬಡ್ಡಿ’ ಎನ್ನುತ್ತ ಓಡಿ ಬಂದು ತಿರುಗಿದ. ಕಾಸಿಂ ಟೊಂಕ ಹಿಡಿದ. ಬೀರಣ್ಣ ನಾಟಕವಾಡಲಿಲ್ಲ, ನಿಜಕ್ಕೂ ಜಗ್ಗಿದ. ಮೈಯ ನರಗಳೆಲ್ಲ ಎದ್ದವು, ಕಾಲುಗಳು ಮಣ್ಣಲ್ಲಿ ಹೂತವು, ಆ ಕೈ ಒಂದು ಎಳೆಯಷ್ಟೂ ಸಡಿಲಾಗಲಿಲ್ಲ. ಕೇಳುತ್ತಿದ್ದದ್ದು ಅವನ ‘ಕಬಡ್ಡಿ ಕಬಡ್ಡಿ’ ಒಂದೇ. ಅದು ಸಣ್ಣದಾಯಿತು, ಗೊಗ್ಗರಾಯಿತು, ಕಡಿಯಿತು.

ಕಡಿದ ಕೂಡಲೇ ಕಾಸಿಂಸಾಬ ಕೈ ಬಿಟ್ಟ. ಬೀರಣ್ಣ ಮುಂದಕ್ಕೆ ಬಿದ್ದ, ಕೈ ಹೋಗಿ ನಡುಗೆರೆಯ ಮೇಲೆ ಬಿತ್ತು.

ಎಲ್ಲರೂ ಆ ಕೈಯನ್ನು ನೋಡಿದರು. ಐದು ವರ್ಷ ವಾದ ಮಾಡಿದ ಬಾಯಿಗಳಲ್ಲಿ ಒಂದೂ ತೆರೆಯಲಿಲ್ಲ. “ಏನಾತು? ಯಾಕ ಎಲ್ಲಾರೂ ಸುಮ್ಮನಾದ್ರಿ?” ಎಂದು ಬಸಂತರಾಯರು ಅಕ್ಕಪಕ್ಕದವರನ್ನು ಕೇಳುತ್ತಿದ್ದರು. ಸಿದ್ದರಾಯ ರುಮಾಲು ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡ.

ಬೀರಣ್ಣ ಮಣ್ಣಿನಲ್ಲಿ ಮುಖ ಇಟ್ಟು ಹಾಗೇ ಬಿದ್ದಿದ್ದ. ಕಾಸಿಂಸಾಬ ಬಗ್ಗಿ ಅವನ ತೋಳು ಹಿಡಿದು ಎಬ್ಬಿಸಿದ.

“ಏಳಪಾ,” ಎಂದ. “ಔಟಾದಾಂವ ಗೆರಿ ಹೊರಗ ಕೂಡಬೇಕು.”

ಬೀರಣ್ಣ ಎದ್ದು, ತಲೆ ಎತ್ತದೆ, ಗೆರೆ ದಾಟಿ ಹೊರಗೆ ಹೋಗಿ ಕೂತ.