ಮೂರರ ಮೇಲೊಂದು ಕೊಸರು

ಕಳೆದ ವಾರ ಹಾವೇರಿಯ ಸ್ಟೇಷನರಿ ಅಂಗಡಿಯೊಂದರಲ್ಲಿ ಡ್ರಾಯಿಂಗ್ ಶೀಟ್ ಕೊಳ್ಳುತ್ತಿದ್ದೆ. ಪಕ್ಕದಲ್ಲಿದ್ದ ಹುಡುಗಿಯೊಬ್ಬಳು ಆಟದ ಕಾರ್ಡಿನ ಪಾಕೀಟು ಹರಿದಳು. ಒಳಗಿನಿಂದ ಬಬಲ್‌ಗಮ್ಮಿನ ಆ ಹಸಿ ಸಿಹಿ ವಾಸನೆ ಬಂತು. ಚಿಲ್ಲರೆ ತೆಗೆದುಕೊಳ್ಳುವುದನ್ನೂ ಮರೆತು ನಿಂತುಬಿಟ್ಟೆ. ಬ್ಯಾಡಗಿಯ ನಮ್ಮ ವೈನಿಯ ಸೆರಗಿಗೆ ವರ್ಷವಿಡೀ ಇದೇ ವಾಸನೆ ಇರುತ್ತಿತ್ತು...

ವೈನಿ ಎಂದರೆ ನನ್ನ ಅಣ್ಣನ ಹೆಂಡತಿಯಲ್ಲ. ಎರಡು ಸಾವಿರದ ಆರು-ಏಳರ ಸುಮಾರಿಗೆ ನಾನು ಬ್ಯಾಡಗಿಯ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ನಾನು ಬಾಡಿಗೆಗಿದ್ದ ಕೋಣೆಯ ಮಾಲಕಿ ಆಕೆ. ಮೆಣಸಿನಕಾಯಿ ಪೇಟೆಯ ಹಿಂದಿನ ಓಣಿ ಅದು, ಸುಗ್ಗಿಯಲ್ಲಿ ಓಣಿಗೆ ಓಣಿಯೇ ಸೀನುತ್ತಿತ್ತು. ಆ ಮನೆಯಲ್ಲಿ ಮಾತ್ರ ಸೀನು ಬಿಟ್ಟರೆ ಬೇರೆ ಸದ್ದಿರಲಿಲ್ಲ. ನಾನು ಬರುವ ಕೆಲವು ತಿಂಗಳ ಮೊದಲು ವೈನಿಯ ಗಂಡ ಹೈವೇಯಲ್ಲಿ ಮೋಟರ್‌ಸೈಕಲ್ ಅಪಘಾತವಾಗಿ ತೀರಿಕೊಂಡಿದ್ದರು. ಹಿಂದೆ ಕೂತಿದ್ದ ಮಗನಿಗೆ ಮೊಣಕಾಲು ತರಚಿತ್ತು, ಅಷ್ಟೇ. ಆದರೆ ಅಂದಿನಿಂದ ಅವನು ಮಾತು ಬಿಟ್ಟಿದ್ದ. ಹುಬ್ಬಳ್ಳಿಯ ಡಾಕ್ಟರು ಗಂಟಲಿನಲ್ಲಿ ದೋಷವೇನೂ ಇಲ್ಲ ಎಂದರು. ಶನಿವಾರ ಬಂದರೆ ಕದರಮಂಡಲಗಿ ಹನುಮಪ್ಪ, ಕೊರಳಿಗೆ ತಾಯತ, ಉಪವಾಸ... ವೈನಿ ಕೈಮುಗಿಯದೆ ಬಿಟ್ಟ ದೇವರಿರಲಿಲ್ಲ.

ಹುಡುಗ ಶಾಲೆಯಿಂದ ಬಂದವನೇ ಪಡಸಾಲೆಯಲ್ಲಿ ಕಾರ್ಡು ಹರವಿಕೊಂಡು ಕೂರುತ್ತಿದ್ದ. ರೆಕ್ಕೆಯ ಕುದುರೆ, ಬೆಂಕಿಯುಗುಳುವ ಆಮೆ, ಎರಡು ತಲೆಯ ಹದ್ದು. ಅಪ್ಪ ರಾಣೆಬೆನ್ನೂರಿಗೆ ಹೋದಾಗಲೆಲ್ಲ ತಂದುಕೊಟ್ಟಿದ್ದವು. ಎದುರಿಗೆ ಯಾರೂ ಇಲ್ಲದೆ ಎರಡೂ ಕಡೆ ತಾನೇ ಆಡುತ್ತಿದ್ದ.

ಒಂದು ದಿನ ವೈನಿ, ಪಾಕೀಟಿನೊಳಗೆ ಬರುವ ಇಂಗ್ಲಿಷಿನ ನಿಯಮದ ಚೀಟಿಯನ್ನು ನನ್ನ ಮುಂದೆ ಹಿಡಿದರು. "ಟೀಚರ್ರ, ಇದನ್ನ ಓದಿ ಹೇಳ್ರಿ. ನಾ ಅವನ ಎದುರಿಗಿ ಕುಂತು ಆಡಬೇಕು."

ಓದಿ ಹೇಳಿದೆ. ಆಡುವವರು ಮೊದಲು ತಮ್ಮದೇ ಕಟ್ಟು ಕಟ್ಟಿಕೊಳ್ಳಬೇಕು. ಕಟ್ಟಿನಲ್ಲಿ ಸರಿಯಾಗಿ ನಲವತ್ತು ಕಾರ್ಡು. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಒಂದೇ ಚಿತ್ರದ ಕಾರ್ಡು ಮೂರಕ್ಕಿಂತ ಹೆಚ್ಚು ಇರಕೂಡದು, ಇಲ್ಲದಿದ್ದರೆ ಎಲ್ಲರೂ ಬಲವಾದದ್ದನ್ನೇ ತುಂಬಿಕೊಂಡು ಆಟ ಕೆಡಿಸುತ್ತಾರೆ. ಕೇಳುವುದಕ್ಕೆ ಸುಲಭ. ಆದರೆ ಪಾಕೀಟಿನೊಳಗೆ ಏನಿದೆಯೆಂದು ಹೊರಗಿನಿಂದ ಗೊತ್ತಾಗುವುದಿಲ್ಲ. ನಮ್ಮ ಕಡೆ ಬರುತ್ತಿದ್ದದ್ದೋ ಎಲ್ಲಿಯೋ ಅಚ್ಚು ಹಾಕಿದ ನಕಲಿ ಮಾಲು, ಹರಿದಷ್ಟೂ ಅದೇ ರೆಕ್ಕೆಯ ಕುದುರೆ. ವೈನಿ ಬ್ಯಾಡಗಿಯ ಅಂಗಡಿಗಳನ್ನು ಮುಗಿಸಿ ರಾಣೆಬೆನ್ನೂರು, ಹಾವೇರಿ ಸುತ್ತಿದರು, ಬಬಲ್‌ಗಮ್ಮಿನ ವಾಸನೆಯ ಪಾಕೀಟುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದರು. ಗಂಡ ಸತ್ತು ವರ್ಷ ತುಂಬಿಲ್ಲ, ಸಣ್ಣ ಹುಡುಗರ ನಡುವೆ ನಿಂತು ಆಟದ ಪಾಕೀಟು ಆರಿಸುತ್ತಾಳೆ ಎಂದು ಓಣಿಯವರು ಆಡಿಕೊಂಡರು. ಆಡಿಕೊಳ್ಳುವವರಿಗೇನು, ಅವರ ಮಕ್ಕಳು ಮನೆಯಲ್ಲಿ ದಿನಕ್ಕೆ ನೂರು ಸಲ ಅವ್ವಾ ಎನ್ನುತ್ತಿದ್ದವು.

ಕೊನೆಗೂ ನಲವತ್ತು ಕೂಡಿದವು. ವೈನಿ ಮಗನ ಎದುರು ಕೂತು ಕಟ್ಟು ಮುಂದಿಟ್ಟರು. ಅವನು ಒಂದೊಂದೇ ತಿರುವಿ ನೋಡಿದ. ರೆಕ್ಕೆಯ ಕುದುರೆ ನಾಲ್ಕು ಸಿಕ್ಕವು.

"ನಾಕು ನಡಿಯಂಗಿಲ್ಲ," ಎಂದ.

ಬಾಗಿಲಲ್ಲಿ ಚಹಾ ಕುಡಿಯುತ್ತ ನಿಂತಿದ್ದ ನಾನು ಬಟ್ಟಲನ್ನು ಹೊಸ್ತಿಲ ಮೇಲಿಟ್ಟು ಒಳಗೆ ಬಂದೆ. ತಿಂಗಳುಗಟ್ಟಲೆ ಮುಚ್ಚಿದ್ದ ಬಾಯಿ, ದನಿ ಒಡೆದು ಬಂದಿತ್ತು. ವೈನಿ ಅಡುಗೆಮನೆಗೆ ಓಡಿ ಬಾಯಿಗೆ ಸೆರಗು ಒತ್ತಿಕೊಂಡು ಅತ್ತರು. ಅಳು ನಿಂತ ಮೇಲೆ, ಮೂರೇ ಎಂದು ಹೇಳಿದ್ದರೂ ನಾಲ್ಕು ಯಾಕೆ ಹಾಕಿದಿರಿ ಎಂದು ಕೇಳಿದೆ.

"ಮೂರು ಅಂದ್ರ ಬರೇ ಮೂರ ಕೊಡ್ತಾರೇನ್ರಿ ಯಾರರ? ಮ್ಯಾಲೊಂದು ಕೊಸರು ಹಾಕಿದ್ನಿ."

ಪೇಟೆಯ ಮನೆತನದ ಹೆಣ್ಣುಮಗಳು. ನಿಂಬೆಹಣ್ಣಿರಲಿ, ಸೌತೆಕಾಯಿ ಇರಲಿ, ಎಣಿಕೆ ಮುಗಿದ ಮೇಲೆ ಒಂದು ಹೆಚ್ಚಿಗೆ ಹಾಕದೆ ಕೊಟ್ಟು ಗೊತ್ತಿರಲಿಲ್ಲ.

ಮರುದಿನದಿಂದ ವೈನಿ ಬೇಕೆಂದೇ ತಪ್ಪು ಕಟ್ಟು ಕಟ್ಟತೊಡಗಿದರು. ಒಂದು ದಿನ ಐದು ಆಮೆ, ಇನ್ನೊಂದು ದಿನ ಮೂವತ್ತೊಂಬತ್ತೇ ಕಾರ್ಡು. "ಒಂದು ಕಡಿಮಿ ಐತಿ," ಎನ್ನುತ್ತಿದ್ದ ಹುಡುಗ. ಇಲ್ಲವೇ "ಇದನ್ನ ತಗಿ." ಹಸಿವೆ ಎನ್ನಲಿಲ್ಲ, ಅವ್ವಾ ಎನ್ನಲಿಲ್ಲ. ಸಿಕ್ಕ ಆ ಎರಡು ಮಾತನ್ನೇ ವೈನಿ ಬೆಳಿಗ್ಗೆ ನೀರು ತುಂಬುವಾಗ ನನಗೆ ಒಪ್ಪಿಸುತ್ತಿದ್ದರು. "ನಿಮ್ಮಂಥಾ ದಡ್ಡರನ್ನ ನನ್ನ ಸಾಲ್ಯಾಗೂ ಕಂಡಿಲ್ರಿ ವೈನಿ," ಎಂದು ಚೇಷ್ಟೆ ಮಾಡಿದರೆ ನಗುತ್ತಿದ್ದರು. ನಕ್ಕವರೇ ಮತ್ತೆ ಚಿಂತೆಗೆ ಬೀಳುತ್ತಿದ್ದರು. ಇರುವುದೇ ಎರಡು ನಿಯಮ, ದಿನಕ್ಕೊಂದು ಹೊಸ ತಪ್ಪು ಎಲ್ಲಿಂದ ತರುವುದು...

ಬೇಸಿಗೆ ರಜೆ ಮುಗಿಯುತ್ತ ಬಂದಾಗ ರಾಣೆಬೆನ್ನೂರಿನಿಂದ ಅವರ ಭಾವ, ಅಂದರೆ ಗಂಡನ ಅಣ್ಣ, ಹಿರಿಯರೊಬ್ಬರನ್ನು ಕರೆದುಕೊಂಡು ಬಂದರು. ಹುಡುಗನನ್ನು ತಮ್ಮ ಮನೆಯಲ್ಲಿಟ್ಟುಕೊಂಡು ಓದಿಸುವ ಮಾತು.

"ಇಲ್ಲೇ ಬಿಟ್ರ ಮೂಕ ಆಗ್ತಾನ ತಂಗಿ. ಅಲ್ಲಿ ನಮ್ಮ ಹುಡುಗ್ರು ಅದಾರ, ಬೆರೀತಾನ."

"ಮಾತಾಡ್ತಾನ್ರಿ ಭಾವಾರ. ನನ್ನ ಕೂಡ ಮಾತಾಡ್ತಾನ." ವೈನಿ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದರು. "ನಿಮ್ಮ ಮುಂದ ಒಂದ ಮಾತು ಆಡಿದ್ರ ಬಿಟ್ಟು ಹೋಗ್ತೀರೇನ್ರಿ?"

ಭಾವ ಹಿರಿಯರ ಮುಖ ನೋಡಿದರು. "ಒಂದ ಮಾತು ಸಾಕು. ಆದ್ರ ನೀ ಹೇಳಿಕೊಟ್ಟು ಆಡಸಬ್ಯಾಡ."

ಹೊರಗೆ ಓಣಿಯಲ್ಲಿದ್ದ ಹುಡುಗನಿಗೆ ಈ ಕರಾರು ಗೊತ್ತಿರಲಿಲ್ಲ. ಅವನನ್ನು ಕರೆದು ಕೂರಿಸಿ ವೈನಿ ಕಟ್ಟು ಮುಂದಿಟ್ಟರು. ಅಂಥ ಕೆಟ್ಟ ಕಟ್ಟನ್ನು ಯಾರೂ ಎಲ್ಲಿಯೂ ಕಟ್ಟಿರಲಿಕ್ಕಿಲ್ಲ. ಏಳು ಕುದುರೆ, ಆರು ಆಮೆ, ಲೆಕ್ಕವೂ ನಲವತ್ತಲ್ಲ. ಯಾವುದೋ ಒಂದು ತಪ್ಪಿಗಾದರೂ ಬಾಯಿ ಬಿಡಲಿ ಎಂದು. ಬೈಯೋ, ನಿಮ್ಮವ್ವನಿಗೆ ಬೈಯೋ ಎಂದು ಮನಸ್ಸಿನಲ್ಲೇ ಅವನನ್ನು ಬೇಡಿಕೊಂಡೆ.

ಹುಡುಗ ಕಾರ್ಡು ತಿರುವಿದ. ತಾಯಿಯ ಮುಖ ನೋಡಿದ. ಆಕೆಯ ಕಣ್ಣು ತುಂಬಿದ್ದವು. ಇಷ್ಟು ದಿನ ಹೇಳಿಕೊಟ್ಟರೂ ಅವ್ವನಿಗೆ ಬರಲಿಲ್ಲ, ದೊಡ್ಡವರ ಮುಂದೆ ನಾಚಿಕೆಯಾಗಿದೆ ಎಂದುಕೊಂಡನೇನೋ. ಹೆಚ್ಚಿನ ಕುದುರೆಗಳನ್ನು ಒಂದೊಂದಾಗಿ ತೆಗೆದಿಟ್ಟ, ಆಮೆಗಳನ್ನು ತೆಗೆದಿಟ್ಟ. ಎದ್ದು ಒಳಗೆ ಹೋಗಿ ತನ್ನ ತಗಡಿನ ಡಬ್ಬಿ ತಂದ. ಅಪ್ಪ ಕೊಡಿಸಿದ್ದ, ಯಾರಿಗೂ ಮುಟ್ಟಲು ಬಿಡದಿದ್ದ ಕಾರ್ಡುಗಳನ್ನು ಆರಿಸಿ ಆರಿಸಿ ತಾಯಿಯ ಕಟ್ಟಿಗೆ ಸೇರಿಸಿದ. ಬೆರಳಿನಲ್ಲೇ ಎಣಿಸಿ, ಅಂಚು ಸರಿಮಾಡಿ, ಆಕೆಯ ಮಡಿಲಲ್ಲಿಟ್ಟ. ತುಟಿ ಅಲುಗಲಿಲ್ಲ.

"ಏನಂದ?" ಕಿವಿ ಮಂದವಾಗಿದ್ದ ಹಿರಿಯರು ಕೇಳಿದರು.

"ಏನೂ ಅನಲಿಲ್ಲ," ಎಂದರು ಭಾವ.

ನಾನು ಬಾಡಿಗೆಯವಳು ಎಂಬುದನ್ನೂ ಮರೆತು ಬಾಯಿ ಹಾಕಿದೆ. "ಇದಕ್ಕಿಂತ ಹೆಚ್ಚಿಗಿ ಏನ್ ಹೇಳಬೇಕ್ರಿ ಅಂವಾ?"

"ಮಾತು ಅಂದಿದ್ವಿ, ಟೀಚರ್ರ."

ಕೆಟ್ಟ ಮನುಷ್ಯರೇನಲ್ಲ, ಹುಡುಗನ ಬಟ್ಟೆಯ ಗಂಟನ್ನು ತಾವೇ ಹೆಗಲಿಗೇರಿಸಿಕೊಂಡರು. ಮಧ್ಯಾಹ್ನದ ಬಸ್ಸಿಗೆ ಹುಡುಗನನ್ನು ಕರೆದುಕೊಂಡು ಹೋದರು. ಸಂಜೆ ನಾನು ದೀಪ ಹಚ್ಚಲು ಹೋದಾಗಲೂ ವೈನಿ ಆ ಕಟ್ಟನ್ನು ಮಡಿಲಲ್ಲಿಟ್ಟುಕೊಂಡೇ ಕೂತಿದ್ದರು. ಅದರಲ್ಲಿ ಒಂದು ತಪ್ಪೂ ಇರಲಿಲ್ಲ.

ದೀಪಾವಳಿಯ ಹೊತ್ತಿಗೆ ಹುಡುಗ ರಾಣೆಬೆನ್ನೂರಿನಲ್ಲಿ ಮಾತಾಡತೊಡಗಿದ ಎಂದು ಸುದ್ದಿ ಬಂತು. ಭಾವ ಹೇಳಿದ್ದೇ ಖರೆಯಾಯಿತು. ಅದನ್ನು ಒಪ್ಪಿಕೊಳ್ಳಲು ನನಗೆ ಇಂದಿಗೂ ಸಂಕಟ. ಆದರೆ ತಾಯಿಯ ಹತ್ತಿರ ಮಾತ್ರ ಅವನು ಬಾಯಿ ಬಿಚ್ಚಲಿಲ್ಲ. ಕಳಿಸಿದವಳು ಅವಳೇ ಎಂದು ತಿಳಿದನೋ, ಅವಳ ದನಿ ಕೇಳಿದರೆ ಅಪ್ಪ ನೆನಪಾಗುತ್ತಿದ್ದನೋ... ವೈನಿ ನನ್ನ ಕೋಣೆಯ ಹೊಸ್ತಿಲಲ್ಲಿ ಬಂದು ಕೂರುತ್ತಿದ್ದರು. "ಫೋನ್ ಹಚ್ಚಿ ಅವನ ಕೈಯಾಗ ಕೊಡ್ತಾರ್ರೀ ಟೀಚರ್ರ. ಉಸಿರಾಡೂದು ಕೇಳಸ್ತೈತಿ. ನಾಕು ಹಾಕೇನಿ ನೋಡಪಾ ಅಂತೇನಿ, ಐದು ಹಾಕೇನಿ ಅಂತೇನಿ... ಸುಮ್ಮನ ಇರ್ತಾನ." ಇಂಗ್ಲಿಷ್ ಚೀಟಿ ಓದಿ ಹೇಳಬಲ್ಲೆ, ಇದನ್ನು ಓದಲು ನನಗೆಲ್ಲಿ ಬರಬೇಕು.

ಮುಂದೆ ನನಗೆ ಹಾವೇರಿಯಲ್ಲಿ ಕೆಲಸವಾಯಿತು. ಮೊದಮೊದಲು ಹಬ್ಬಕ್ಕೊಮ್ಮೆ ಹೋಗಿ ಬರುತ್ತಿದ್ದೆ, ಆಮೇಲೆ ಅದೂ ಕಡಿಮೆಯಾಯಿತು. ವೈನಿ ತೀರಿಕೊಂಡು ಈಗ ಎರಡು ವರ್ಷ. ಓಣಿಯ ಹೆಣ್ಣುಮಗಳೊಬ್ಬಳು ಫೋನಿನಲ್ಲಿ ತಿಳಿಸಿದಳು. ಕೊನೆಯ ವಾರ ಮಗ ಬಂದು ಹಾಸಿಗೆಯ ಹತ್ತಿರವೇ ಇದ್ದ, ಮುಂದೆ ನಿಂತು ಎಲ್ಲ ಮಾಡಿದ ಎಂದಳು. ಏನಾಗಿತ್ತು, ಊಟ ಸೇರುತ್ತಿತ್ತೇ, ಗುರುತು ಹಿಡಿಯುತ್ತಿದ್ದರೇ ಎಂದು ಎಲ್ಲವನ್ನೂ ಕೇಳಿದೆ. ಅವನು ಅವ್ವಾ ಎಂದನೇ ಎಂಬುದೊಂದನ್ನು ಕೇಳಬೇಕಾಗಿತ್ತು. ಇಲ್ಲ ಎಂದುಬಿಟ್ಟರೆ ಎಂಬ ಹೆದರಿಕೆಗೆ ಫೋನ್ ಇಟ್ಟುಬಿಟ್ಟೆ. ಇವತ್ತಿಗೂ ಕೇಳಿಲ್ಲ.