ಮಿಕ್ಸಿಯ ಸದ್ದು ತೆಗೆದ ಜಾಗ

ನಮ್ಮ ಬ್ಯಾಂಡಿನ ಮೊದಲ ಆಲ್ಬಂ ತಿ. ನರಸೀಪುರದಲ್ಲಿ, ಸೋದರತ್ತೆಯ ಮನೆ ಪಕ್ಕದ ಟಿಲ್ಲರ್ ಶೆಡ್ಡಿನಲ್ಲಿ ರೆಕಾರ್ಡ್ ಆಯಿತು. ಗಿಟಾರ್ ಅತ್ತೆಯ ಮಗನದು. ಒಂದೇ ಸ್ವರವನ್ನು ಎಳೆದು, ಬಾಗಿಸಿ, ಅದರ ಪ್ರತಿಧ್ವನಿಯ ಮೇಲೆ ಮತ್ತೆ ನುಡಿಸುತ್ತಿದ್ದ. ಶೆಡ್ಡಿನ ತಗಡು ಅದನ್ನು ಇನ್ನಷ್ಟು ಒರಟಾಗಿಸುತ್ತಿತ್ತು. ಸೈಕೆಡೆಲಿಕ್ ಎಂದರೇನು ಎಂದು ಕೇಳಿದವರಿಗೆ "ಜ್ವರ ಬಂದಾಗ ಕೇಳ್ಸೋ ತರ" ಎನ್ನುತ್ತಿದ್ದ. ನಾನು ಭಾನುವಾರಗಳಂದು ನಂಜನಗೂಡಿನಿಂದ ಬಸ್ಸಿನಲ್ಲಿ ಹೋಗಿ ಕೀಬೋರ್ಡ್ ನುಡಿಸುತ್ತಿದ್ದೆ. ಎಡಿಟಿಂಗ್ ಕೂಡ ನನ್ನದೇ.

ಕೊನೆಯ ಹಾಡಿನ ನಡುವೆ ಅಡುಗೆಮನೆಯಲ್ಲಿ ಮಿಕ್ಸಿ ಶುರುವಾಯಿತು. ಅವನು ನುಡಿಸುವುದನ್ನು ನಿಲ್ಲಿಸದೆಯೇ ಕೂಗಿದ: "ಅವ್ವೋ, ಆಫ್ ಮಾಡವ್ವಾ ಅದ!" ಮಿಕ್ಸಿ ನಿಂತಿತು. ಮತ್ತೆ ನುಡಿಸಿದರೆ ಅಷ್ಟು ಚೆನ್ನಾಗಿ ಬರಲಿಲ್ಲ. ಹಾಗಾಗಿ ಮೊದಲಿನದನ್ನೇ ಉಳಿಸಿಕೊಂಡು, ಮಿಕ್ಸಿಯನ್ನೂ ಕೂಗನ್ನೂ ಕತ್ತರಿಸಿ, ಆ ಜಾಗಕ್ಕೆ ಬರೀ ಪ್ರತಿಧ್ವನಿಯನ್ನು ಎಳೆದು ತುಂಬಿದೆ. ಲ್ಯಾಪ್‌ಟಾಪಿನಲ್ಲಿ ಜಾಗ ಸಾಲದೆ ಮೂಲ ಫೈಲುಗಳನ್ನೂ ಅಳಿಸಿದೆ. ಆಲ್ಬಂ ಹೊರಬರುವ ಮುಂಚೆ ಅವನು ಬೈಕ್ ಅಪಘಾತದಲ್ಲಿ ತೀರಿಕೊಂಡ.

ಪಿತೃಪಕ್ಷದಲ್ಲಿ ಅತ್ತೆ ಎಡೆ ಇಟ್ಟರು. ಅವನ ಜೀನ್ಸ್, ಮುದ್ದೆ, ಕೋಳಿ ಸಾರು. ಪಕ್ಕದಲ್ಲಿ ಅವನ ತಾತನ, ಮಾವನ ಅಪ್ಪನ, ಬೀಡಿಕಟ್ಟು.

"ಅವ್ನ ಹಾಡೂ ಹಾಕಮ್ಮಿ," ಎಂದರು. "ನನ್ನ ಮಿಕ್ಸಿಗೆ ಕೂಗ್ದನಲ್ಲ, ಅದ. ಅವ್ನ ದನಿ ಕೇಳ್ಬೇಕು ನಾನು."

"ಇದ ಕೇಳುದ್ರೆ ನಮ್ಮಪ್ಪ ಉಣ್ದೇ ಎದ್ದೋಯ್ತನೆ ಕಣೆ," ಎಂದರು ಮಾವ.

"ಓಗ್ಲಿ ಬುಡಿ. ಬದುಕಿದ್ದಾಗ್ಲೂ ನನ್ ಸಾರ್ಗೆ ಮೂತಿ ತಿರುಗುಸ್ತಿದ್ರು."

ನಾನು ಆಗಲೇ ಹೇಳಬೇಕಿತ್ತು. ಇವತ್ತಿಗೂ ಹೇಳಿಲ್ಲ. ಫೋನನ್ನು ಸ್ಪೀಕರಿಗೆ ಜೋಡಿಸಿ, ಎಡೆಯ ಪಕ್ಕ ಇಟ್ಟು ಹೊರಗೆ ಬಂದೆ. ಹೋದವರು ಬಂದು ಉಣ್ಣಲೆಂದು ಮಾವ ಬಾಗಿಲು ಮುಚ್ಚಿದರು; ಮತ್ತೆ ತೆರೆಯುವ ಮುಂಚೆ ತಟ್ಟಬೇಕು. ಎಲ್ಲರೂ ಜಗಲಿಯ ಮೇಲೆ ನಿಂತೆವು.

ಮುಚ್ಚಿದ ಬಾಗಿಲ ಹಿಂದೆ ಗಿಟಾರ್ ರೆಕಾರ್ಡಿನಂತೆ ಕೇಳಿಸಲಿಲ್ಲ. ಒಳಗೆ ಅವನು ಗೋಡೆಗೆ ಒರಗಿ ಕೂತು ನುಡಿಸುತ್ತಿರುವಂತಿತ್ತು. ಕೂಗು ಕತ್ತರಿಸಿದ ಜಾಗ ಎಷ್ಟನೆಯ ನಿಮಿಷಕ್ಕೆ ಬರುತ್ತದೆಂದು ನನಗೆ ಗೊತ್ತು. ಅತ್ತೆ ಬಾಗಿಲಿಗೆ ಕಿವಿ ಹಚ್ಚಿದರು. ಪ್ರತಿಧ್ವನಿ ಎದ್ದಿತು, ತೇಲಿತು, ತೆಳುವಾಯಿತು. ಬೇರೇನೂ ಇಲ್ಲ.

"ಆಫ್ ಮಾಡ್ದೆ ಕಣಪ್ಪಾ," ಎಂದರು ಅತ್ತೆ, ಬಾಗಿಲಿಗೆ.

ಹಾಡು ಮುಗಿಯಿತು. ಬಾಗಿಲು ತಟ್ಟಲು ಮಾವ ಎತ್ತಿದ ಕೈಯನ್ನು ಅತ್ತೆ ಹಿಡಿದುಕೊಂಡರು.

"ತಡೀರಿ. ಇನ್ನೂ ಉಣ್ತಾವ್ನೆ."